ಮಂಗಳೂರಿನಲ್ಲಿ ಎಲ್ಲಿ ಉಣ್ಣುವುದು? ಮೊದಲು ಗಡಿಯಾರ ನೋಡಿ

ಶನಿವಾರ ರಾತ್ರಿ ಹತ್ತಕ್ಕೆ ಫೋನು. ಹಾಸನದಿಂದ ಅಣ್ಣನ ಮಗ. "ಚಿಕ್ಕಪ್ಪ, ನಾಳೆ ಮಂಗಳೂರಿಗೆ ಬರ್ತಿದ್ದೀವಿ. ಊಟಕ್ಕೆ ಒಳ್ಳೇ ಹೋಟ್ಲು ಯಾವ್ದು ಹೇಳಿ. ಒಂದೇ ಹೆಸರು ಸಾಕು."

ನಾನು ಈ ಊರಿಗೆ ಬಂದು ಹದಿನಾರು ವರ್ಷವಾಯಿತು. ಇಂಥ ಫೋನು ಬಾರದ ತಿಂಗಳಿಲ್ಲ. ಮೊದಲೆಲ್ಲ ಒಂದು ಹೆಸರು ಹೇಳಿ ಮಲಗಿಬಿಡುತ್ತಿದ್ದೆ. ಮಾರನೇ ದಿನ ದೂರು ಬರುತ್ತಿತ್ತು. ಮೂರು ಗಂಟೆಗೆ ಹೋದರೆ ಬರೀ ಸಾರು ಉಳಿದಿತ್ತಂತೆ. ಅತ್ತೆಯವರು ಮೀನಿನ ವಾಸನೆ ತಡೆಯಲಾರದೆ ಹೊರಗೇ ನಿಂತರಂತೆ. ಆರು ಜನಕ್ಕೆ ಒಂದೇ ಮೇಜು ಸಿಗಲಿಲ್ಲವಂತೆ. ಇದರಲ್ಲಿ ಹೋಟೆಲಿನವರ ತಪ್ಪೇನಿಲ್ಲ, ಹೆಸರು ಹೇಳಿದವನದೇ ತಪ್ಪು. ಮಂಗಳೂರಿನಲ್ಲಿ ಮಧ್ಯಾಹ್ನದ ಹೋಟೆಲೇ ಬೇರೆ, ನಾಲ್ಕು ಗಂಟೆಯ ಹೋಟೆಲೇ ಬೇರೆ, ರಾತ್ರಿಯದು ಇನ್ನೊಂದೇ. ಜೂನ್ ಬಂತೆಂದರೆ ಈ ಲೆಕ್ಕವೂ ಬದಲು.

ಹಾಗಾಗಿ ಈಗ ಹೆಸರು ಹೇಳುವ ಮೊದಲು ತಿರುಗಿ ಕೇಳುತ್ತೇನೆ: ಊರು ಮುಟ್ಟುವುದು ಎಷ್ಟು ಗಂಟೆಗೆ? ಮೀನು ತಿನ್ನದವರು ಎಷ್ಟು ಜನ? ಎಲ್ಲರೂ ಒಂದೇ ಮೇಜಿಗೆ ಕೂರಲೇಬೇಕಾ? ಉತ್ತರ ಸಿಕ್ಕ ಮೇಲೆ ಅರ್ಧ ಕೆಲಸ ಮುಗಿದ ಹಾಗೆ.

ಮಧ್ಯಾಹ್ನವಾದರೆ ಮೀನೂಟ

ಹನ್ನೆರಡರಿಂದ ಎರಡರೊಳಗೆ ನೀವು ಊರಲ್ಲಿದ್ದು, ಮೀನು ತಿನ್ನುವವರಾದರೆ, ಬೇರೆ ಯೋಚನೆಯೇ ಬೇಡ. ಸಣ್ಣ ಮೀನೂಟದ ಹೋಟೆಲಿಗೆ ಹೋಗಿ. ಹೊರಗಿನಿಂದ ಬಂದವರ ಬಾಯಲ್ಲಿ ಹೆಚ್ಚಾಗಿ ಕೇಳುವ ಹೆಸರುಗಳು ಮೂರು: ಬಂದರಿನ ಅಜೀಜುದ್ದೀನ್ ರಸ್ತೆಯ ನಾರಾಯಣ, ರಥಬೀದಿ ಕಡೆಯ ಗಿರಿಮಂಜಾಸ್, ಶರವು ದೇವಸ್ಥಾನದ ರಸ್ತೆಯ ಮಚಲಿ. ಊರ ನಡುವಿನ ಹಂಪನಕಟ್ಟೆಯಲ್ಲಿ ನಿಂತರೆ ಮೂರೂ ಆಟೋಗೆ ಹತ್ತಿರದ ದಾರಿಯೇ. ಬಂದರಿನ ಓಣಿಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಒಂದು ಪಂಕ್ತಿ ಉಂಡು ಎದ್ದಿರುತ್ತದೆ. ಕಾರು ಲಾಡ್ಜಿನಲ್ಲೇ ಇರಲಿ.

ಒಳಗಿನ ಪದ್ಧತಿ ಗೊತ್ತಿಲ್ಲದಿದ್ದರೆ ಬಾಗಿಲಲ್ಲೇ ಕಕ್ಕಾಬಿಕ್ಕಿಯಾಗುತ್ತೀರಿ. ಹೆಸರು ಬರೆದುಕೊಂಡು ಕರೆಯುವವರು ಯಾರೂ ಇಲ್ಲ. ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಂತರೆ ಆ ಕುರ್ಚಿ ನಿಮ್ಮದು. ಯಾರ ಹಿಂದೆ ನಿಲ್ಲಬೇಕು ಎನ್ನುವುದರಲ್ಲೇ ಅನುಭವವಿದೆ. ಈಗಷ್ಟೇ ಮೀನು ಬಂದವನ ಹಿಂದೆ ನಿಂತರೆ ಕೆಟ್ಟಿರಿ. ಮಜ್ಜಿಗೆಗೆ ಕೈಯೊಡ್ಡುತ್ತಿರುವವನನ್ನು ಹುಡುಕಿ. ಹಾಸನದ ಸಂಕೋಚ ಇಲ್ಲಿ ನಡೆಯುವುದಿಲ್ಲ, ಹಿಂದೆ ನಿಂತವನನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಅವರೂ ಹಾಗೆಯೇ ಕೂತವರು.

ಕೂತ ತಕ್ಷಣ ಮೊದಲ ಪ್ರಶ್ನೆ: "ಕುಚಲಕ್ಕಿಯಾ, ಬೆಳ್ತಿಗೆಯಾ?" ಕುಚಲಕ್ಕಿ ಎಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿ, ಬೆಳ್ತಿಗೆ ನಮ್ಮ ಕಡೆಯ ಬಿಳಿ ಅನ್ನ. ಮೊದಲ ಸಲ ಕುಚಲಕ್ಕಿ ಬಂದಾಗ ಅನ್ನ ಬೆಂದಿಲ್ಲ ಎಂದು ನಾನು ವಾಪಸ್ ಕೊಡಹೋಗಿದ್ದೆ. ಬಡಿಸುತ್ತಿದ್ದ ಹಿರಿಯರು ನಕ್ಕು, "ಅದು ಹಾಗೇ ಮಾರಾಯ್ರೆ, ಎರಡು ತುತ್ತು ತಿಂದು ನೋಡಿ" ಎಂದರು. ಅವತ್ತಿನಿಂದ ಮೀನಿನ ಸಾರಿಗೆ ಬೆಳ್ತಿಗೆ ಹಾಕಿಸಿಕೊಂಡಿಲ್ಲ. ಹುಳಿ-ಖಾರದ ಸಾರು ಆ ದಪ್ಪ ಅಗುಳಿನ ಸುತ್ತ ನಿಲ್ಲುತ್ತದೆ. ಬಿಳಿ ಅನ್ನದಲ್ಲಾದರೆ ಎಲ್ಲ ಸೇರಿ ಮುದ್ದೆಯಾಗುತ್ತದೆ.

ಊಟದ ಜೊತೆ ಬರುವ ಸಾರಿನಲ್ಲಿ ಮೀನಿನ ತುಂಡು ಹುಡುಕಬೇಡಿ, ಸಿಕ್ಕರೆ ಅದೃಷ್ಟ. ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಇಷ್ಟಕ್ಕೆ ಹೆಚ್ಚು ದುಡ್ಡಾಗುವುದಿಲ್ಲ. ಬಿಲ್ಲು ಏರುವುದು ಫ್ರೈಯಿಂದ. ಇಂಥ ಹೋಟೆಲುಗಳ ಸೊಗಸೂ ಅಲ್ಲೇ ಇದೆ. ನಾರಾಯಣ, ಗಿರಿಮಂಜಾಸ್‌ನಂಥ ಕಡೆ ಕೆಂಪು ಮಸಾಲೆ ಬಳಿದ ಹಸಿ ಮೀನುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಜಿಗೇ ಬರುತ್ತಾರೆ. ಬೆರಳಿಟ್ಟು ತೋರಿಸಿದ್ದು ಕಾವಲಿಗೆ ಹೋಗುತ್ತದೆ. ಮೆನು ಕಾರ್ಡು ಓದುವ ಕೆಲಸವಿಲ್ಲ. ಆದರೆ ಮೀನಿನ ಗುರುತು ಬೇಕು.

ಅದಕ್ಕೆ ಸ್ವಲ್ಪ ಪಾಠ. ಅಂಜಲ್ ದೊಡ್ಡ ಮೀನು, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿರುತ್ತಾರೆ, ನಡುವೆ ಒಂದೇ ಮುಳ್ಳು. ಮಕ್ಕಳಿಗೂ ಹೊಸಬರಿಗೂ ಇದೇ ಸರಿ. ಕಾಣೆ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಬೆನ್ನಿನ ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆಯಬಹುದು, ಮಾಂಸ ಬೆಣ್ಣೆಯಂತೆ. ಮಾಂಜಿ ಎಂದರೆ ಪಾಂಫ್ರೆಟ್. ಹೆಸರಿಗೆ ತಕ್ಕ ಬೆಲೆ, ಬೆಲೆಗೆ ತಕ್ಕ ರುಚಿ ಇದೆಯೇ ಎಂಬುದು ನನ್ನ ಹಳೆಯ ಅನುಮಾನ. ಬಂಗುಡೆ ಈ ಊರಿನ ದಿನನಿತ್ಯದ ಮೀನು, ಎಣ್ಣೆ ಅಂಶ ಜಾಸ್ತಿ, ರುಚಿಯೂ ಗಟ್ಟಿ. ಬೂತಾಯಿ ಅದಕ್ಕಿಂತ ಸಣ್ಣದು, ಅಗ್ಗದ್ದು, ಸಣ್ಣ ಮುಳ್ಳಿನದ್ದು. ನಂಗ್ ಚಪ್ಪಟೆ ಮೀನು, ಸಿಕ್ಕ ದಿನ ಬಿಡಬೇಡಿ.

ಇವುಗಳಲ್ಲಿ ಯಾವುದನ್ನು ಆರಿಸುವುದು? ಬೆಂಗಳೂರಿನಲ್ಲಿ ಸರಿಯಾಗಿ ಸಿಗದಿರುವುದನ್ನು ಎನ್ನುತ್ತೇನೆ. ಅಂಜಲ್, ಮಾಂಜಿ, ಸಿಗಡಿ ಮಂಜುಗಡ್ಡೆಯಲ್ಲಿ ಕೂತು ಘಟ್ಟ ಹತ್ತಿದರೂ ಮರ್ಯಾದೆ ಉಳಿಸಿಕೊಳ್ಳುತ್ತವೆ. ರಾಜಧಾನಿಯ ಕರಾವಳಿ ಹೋಟೆಲುಗಳೆಲ್ಲ ಅವುಗಳ ಮೇಲೇ ನಿಂತಿವೆ. ಬೂತಾಯಿ ಹಾಗಲ್ಲ. ಎಣ್ಣೆಯ ಮೀನು, ಬೇಗ ಕೆಡುತ್ತದೆ, ಅಗ್ಗವಾದ್ದರಿಂದ ಅಷ್ಟು ದೂರ ಸಾಗಿಸುವವರೂ ಕಡಿಮೆ. ಬೆಳಗ್ಗೆ ದಕ್ಕೆಗೆ, ಅಂದರೆ ಮೀನು ದೋಣಿಗಳ ಕಟ್ಟೆಗೆ, ಬಂದ ಬೂತಾಯಿ ಮಧ್ಯಾಹ್ನ ಕಾವಲಿಯ ಮೇಲೆ ಚುರ್ ಎನ್ನುವುದು ಇಲ್ಲಿ ಮಾತ್ರ. ಮರುವಾಯಿ, ಅಂದರೆ ಚಿಪ್ಪಿನ ಮಾಂಸವೂ ಹಾಗೆಯೇ. ತೆಂಗಿನಕಾಯಿ ತುರಿ ಹಾಕಿ ಸುಕ್ಕ ಮಾಡಿದ್ದರೆ ತರಿಸಿ, ಚಿಪ್ಪು ಚೀಪಲು ಹಿಂಜರಿಯಬೇಡಿ. ನಾಲ್ಕು ಜನ ಹೋದರೆ ನನ್ನ ಲೆಕ್ಕ ಹೀಗೆ: ಒಂದು ಕಾಣೆ, ಎರಡು ಬಂಗುಡೆ, ಒಂದು ಪ್ಲೇಟ್ ಬೂತಾಯಿ, ಮರುವಾಯಿ ಇದ್ದರೆ ಒಂದು. ಒಂದು ದೊಡ್ಡ ಮಾಂಜಿಯ ಆಸೆ ಬಿಟ್ಟರೆ ಇಷ್ಟೂ ಬಂದುಬಿಡುತ್ತದೆ.

ರವಾ ಫ್ರೈಯಾ, ಮಸಾಲ ಫ್ರೈಯಾ ಎಂದು ಕೇಳಿದರೆ ಕಾಣೆಗೆ ರವೆ, ಬಂಗುಡೆಗೆ ಮಸಾಲೆ. ಕಾಣೆಯ ಮೃದು ಮಾಂಸಕ್ಕೆ ರವೆಯ ಗರಿಗರಿ ಹೊಂದುತ್ತದೆ. ಬಂಗುಡೆಯದು ಜೋರು ರುಚಿ, ಅದಕ್ಕೆ ಮೆಣಸು-ಹುಣಸೆಯ ಮಸಾಲೆಯೇ ಜೋಡಿ. ಪುಳಿಮುಂಚಿ ಎಂದು ಕೇಳಿದರೆ ಬಂಗುಡೆಯನ್ನೇ ಹುಳಿ-ಮೆಣಸಿನ ದಪ್ಪ ಮಸಾಲೆಯಲ್ಲಿ ಬೇಯಿಸಿ ಕೊಡುತ್ತಾರೆ. ಗಸಿಯಾದರೆ ತೆಂಗಿನಕಾಯಿ ಅರೆದು ಹಾಕಿದ್ದು, ಖಾರ ಮೆತ್ತಗೆ.

ಇನ್ನು ಮೂರರಲ್ಲಿ ಯಾವುದು? ಜಗಳ ಹಚ್ಚುವ ಪ್ರಶ್ನೆ. ಒಬ್ಬನೇ ಇದ್ದು, ಫ್ರೈಯೇ ಮುಖ್ಯವಾದರೆ ನನ್ನ ಕಾಲು ತಾನಾಗಿ ನಾರಾಯಣದ ಕಡೆ ಹೋಗುತ್ತದೆ. ತಟ್ಟೆ ತುಂಬ ನೋಡಿ ಆರಿಸುವ ಚಪಲವಿರುವ ಗೆಳೆಯರು ಬಂದರೆ ಗಿರಿಮಂಜಾಸ್. ಹೆಂಡತಿ ಮಕ್ಕಳ ಜೊತೆ ಮೊದಲ ಸಲ ಬರುವವರಿಗೆ ಮಚಲಿ. ಮೂರೂ ಇಕ್ಕಟ್ಟೇ, ಮೂರರಲ್ಲೂ ಕಾಯಬೇಕು. ಹನ್ನೆರಡೂಕಾಲಿಗೆ ಒಳಗಿದ್ದರೆ ಮಹಾರಾಜ. ಎರಡೂವರೆಗೆ ಹೋದರೆ ತಟ್ಟೆಯಲ್ಲಿ ಉಳಿದದ್ದೇ ಪ್ರಸಾದ. ಈ ಮೂರನ್ನು ಬಿಟ್ಟರೆ ಗತಿಯಿಲ್ಲ ಎಂದೂ ತಿಳಿಯಬೇಡಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಸುತ್ತಮುತ್ತ ಹೆಸರು ಮಾಸಿದ ಬೋರ್ಡಿನ ಮೀನೂಟದ ಅಂಗಡಿಗಳು ಎಷ್ಟೋ ಇವೆ. ಬಸ್ ಡ್ರೈವರು ಕಂಡಕ್ಟರು ಉಣ್ಣುವ ಕಡೆ ಕಣ್ಣು ಮುಚ್ಚಿ ನುಗ್ಗಬಹುದು.

ಎಸಿ ಹೋಟೆಲ್ ಯಾವಾಗ?

ಆರು ಜನಕ್ಕಿಂತ ಹೆಚ್ಚಿದ್ದರೆ, ಮಂಡಿ ನೋವಿನ ಹಿರಿಯರಿದ್ದರೆ, ಊಟದ ಜೊತೆ ಮದುವೆ ಮಾತುಕತೆಯೂ ಆಗಬೇಕಿದ್ದರೆ ದೊಡ್ಡ ಎಸಿ ಹೋಟೆಲೇ ಸರಿ. ಮೇಜು ಕಾಯ್ದಿರಿಸಬಹುದು, ಕೈತೊಳೆಯಲು ಸರದಿಯಿಲ್ಲ, ಮೀನು ತಿನ್ನದವರಿಗೆ ಪನೀರು-ರೋಟಿಯಾದರೂ ಸಿಗುತ್ತದೆ. ಮಸಾಲೆಯ ವ್ಯತ್ಯಾಸ ಮಾತ್ರ ಇದ್ದೇ ಇದೆ. ಸಣ್ಣ ಹೋಟೆಲಿನಲ್ಲಿ ಒಂದೇ ಕಾವಲಿಯ ಮೇಲೆ ಬೆಳಗಿನಿಂದ ಮೀನಿನ ಹಿಂದೆ ಮೀನು ಬೆಂದು ಆ ಮಸಾಲೆಗೆ ಬರುವ ಕರಿದ ಸೊಗಡು ಇಲ್ಲಿ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರ. ಕಾರ್ಡಿನಲ್ಲಿ ಮೀನಿನ ಮುಂದೆ ದರದ ಬದಲು "ಗಾತ್ರಕ್ಕೆ ತಕ್ಕಂತೆ" ಎಂದಿದ್ದರೆ, ಅಡುಗೆಮನೆಗೆ ಹೋಗುವ ಮೊದಲೇ ಮೀನನ್ನು ತರಿಸಿ ನೋಡಿ, ದರ ಕೇಳಿ. ನಮ್ಮ ಭಾವನವರು ಬಂದಾಗ ಸಮುದ್ರ ಕಾಣುವ ಒಂದು ಕಡೆ ಕೂತು, ದೊಡ್ಡಸ್ತಿಕೆಗೆ "ಒಂದು ಒಳ್ಳೇ ಮಾಂಜಿ ಕೊಡಿ" ಎಂದೆ. ದರ ಕೇಳಲು ನಾಚಿಕೆ. ಬಿಲ್ಲು ಬಂದಾಗ ಉಳಿದೆಲ್ಲರ ಊಟ ಸೇರಿಸಿದರೂ ಆ ಒಂದು ಮೀನಿಗೆ ಸಾಟಿಯಾಗಿರಲಿಲ್ಲ. ಭಾವ ಬಿಲ್ಲಿಗೆ ಕೈಹಾಕಿದರು, ನಾನು ಬಿಡಲಿಲ್ಲ. ಮನೆಗೆ ಬರುವವರೆಗೆ ಹೆಂಡತಿ ಮಾತಾಡಲಿಲ್ಲ. ಈಗ ನಾಚಿಕೆ ಬಿಟ್ಟಿದ್ದೇನೆ. ಇಲ್ಲಿನವರು ಯಾರೂ ದರ ಕೇಳದೆ ದೊಡ್ಡ ಮೀನು ಹೇಳುವುದಿಲ್ಲ.

ಮೀನು ತಿನ್ನದವರು

ಅರ್ಧ ಜನ ಮೀನು, ಅರ್ಧ ಜನ ಶುದ್ಧ ಸಸ್ಯಾಹಾರಿ. ನಮ್ಮ ಕಡೆಯ ಕುಟುಂಬಗಳಲ್ಲಿ ಇದು ಸಾಮಾನ್ಯ. ಎಲ್ಲರನ್ನೂ ಒಂದೇ ಹೋಟೆಲಿಗೆ ತಳ್ಳಿದರೆ ಇಬ್ಬರಿಗೂ ಸುಖವಿಲ್ಲ. ಮೀನೂಟದ ಹೋಟೆಲಿನಲ್ಲಿ ಅನ್ನ-ತಿಳಿಸಾರು ಸಿಕ್ಕೀತು, ಆದರೆ ಪಕ್ಕದವನ ತಟ್ಟೆಯಲ್ಲಿ ಬಂಗುಡೆಯ ತಲೆ ನೋಡುತ್ತ ಮಡಿವಂತ ಅತ್ತೆ ಎಷ್ಟು ಉಂಡಾರು? ಒಂದು ಗಂಟೆ ಬೇರೆಯಾಗಿಬಿಡಿ. ಒಂದು ಗುಂಪು ಬಂದರಿಗೆ, ಇನ್ನೊಂದು ಗುಂಪು ಬಂಟ್ಸ್ ಹಾಸ್ಟೆಲ್ ಕಡೆಯ ವುಡ್‌ಲ್ಯಾಂಡ್ಸ್‌ಗೋ ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆಗೋ. ಆಮೇಲೆ ಐಸ್‌ಕ್ರೀಂಗೆ ಎಲ್ಲರೂ ಒಂದಾಗಿ. ನಮ್ಮ ಮನೆಯಲ್ಲಿ ಈ ಏರ್ಪಾಡು ವರ್ಷಗಳಿಂದ ಜಗಳವಿಲ್ಲದೆ ನಡೆದಿದೆ.

ಸಸ್ಯಾಹಾರಿ ಊಟದಲ್ಲೂ ಘಟ್ಟದ ಮೇಲಿನವರಿಗೆ ಎರಡು ಅಚ್ಚರಿ ಕಾದಿರುತ್ತದೆ. ಸಾಂಬಾರಿನಲ್ಲಿ ತೆಂಗಿನಕಾಯಿ ಧಾರಾಳ, ಬೆಲ್ಲದ ಎಳೆಯೂ ಇರುತ್ತದೆ. ಒಗ್ಗರಣೆ ತೆಂಗಿನೆಣ್ಣೆಯದು. ಎರಡನೇ ದಿನಕ್ಕೆ ನಾಲಿಗೆ ಒಗ್ಗುತ್ತದೆ. ಬಸಳೆ, ಸೌತೆಕಾಯಿ, ಹಲಸಿನ ಬೀಜ ಬಿದ್ದ ಹುಳಿ ಸಿಕ್ಕರೆ ಇನ್ನೊಂದು ಸಲ ಕೇಳಿ. ಜೋಳದ ರೊಟ್ಟಿ ಹುಡುಕಿಕೊಂಡು ಅಲೆಯಬೇಡಿ, ಅದಕ್ಕೆ ಹುಬ್ಬಳ್ಳಿಯೇ ಇದೆ.

ಸ್ವಂತ ಕಾರಿದ್ದು, ದೇವರ ಮೇಲೂ ಭಕ್ತಿಯಿದ್ದರೆ ಕಟೀಲು. ನಂದಿನಿ ನದಿಯ ನಡುವಿನ ದುರ್ಗಾಪರಮೇಶ್ವರಿ ದರ್ಶನ ಮುಗಿಸಿ ಮಧ್ಯಾಹ್ನದ ಅನ್ನಪ್ರಸಾದಕ್ಕೆ ಕೂತರೆ, ದುಡ್ಡು ಕೊಟ್ಟು ಉಂಡ ಎಷ್ಟೋ ಊಟ ನೆನಪಿಗೆ ಬಂದು ಬೇಸರವಾಗುತ್ತದೆ.

ನಾಲ್ಕು ಗಂಟೆ

ಮಂಗಳೂರಿನ ನಿಜವಾದ ಹಸಿವು ನಾಲ್ಕು ಗಂಟೆಗೆ. ಆಫೀಸುಗಳಿಂದ ಜನ ಎದ್ದು ಬರುತ್ತಾರೆ, ಹೋಟೆಲಿನ ಬಾಣಲೆಗೆ ಗೋಳಿಬಜೆ ಬೀಳುತ್ತದೆ. ಆ ಹೊತ್ತಿಗೆ ಹೋದವನಿಗೂ ಆರಕ್ಕೆ ಹೋದವನಿಗೂ ಒಂದೇ ಬೆಲೆ, ಆದರೆ ತಿನ್ನುವುದು ಬೇರೆಬೇರೆ ತಿಂಡಿ. ಬಿಸಿಯಿದ್ದಾಗ ಗೋಳಿಬಜೆ ಹೊರಗೆ ತೆಳು ಗರಿ, ಒಳಗೆ ಹತ್ತಿ. ಮುರಿದರೆ ಹಬೆ ಬರುತ್ತದೆ, ಮೊಸರಿನ ಹುಳಿ ಮೂಗಿಗೆ ತಾಗುತ್ತದೆ, ನಡುವೆ ಶುಂಠಿಯ ಚೂರು, ಕಾಯಿಯ ಚೂರು. ಆರಿದ ಮೇಲೆ ಅದೇ ಗೋಳಿಬಜೆ ರಬ್ಬರು. ಬೆಂಗಳೂರಿನಲ್ಲಿ ಮಂಗಳೂರು ಬಜ್ಜಿ ಎಂದು ಗಾಜಿನ ಪೆಟ್ಟಿಗೆಯಲ್ಲಿ ಪೇರಿಸಿಟ್ಟಿರುತ್ತಾರಲ್ಲ, ಅದನ್ನು ತಿಂದು ಇದನ್ನು ಅಳೆಯಬೇಡಿ.

ಬನ್ಸ್ ಎಂದರೆ ಬೇಕರಿಯ ಬನ್ನಲ್ಲ. ಕಳಿತ ಬಾಳೆಹಣ್ಣನ್ನು ಮೈದಾ, ಮೊಸರು, ಜೀರಿಗೆಯ ಜೊತೆ ನಾದಿ, ಹುದುಗು ಬರಿಸಿ, ದಪ್ಪ ಪೂರಿಯಂತೆ ಕರಿದದ್ದು. ಸಿಹಿಯಿದೆ, ಆದರೂ ಚಟ್ನಿ-ಸಾಂಬಾರಿನ ಜೊತೆ ತಿನ್ನುತ್ತಾರೆ. ಮೊದಲ ತುತ್ತಿಗೆ ಇದೇನು ಜೋಡಿ ಎನಿಸುತ್ತದೆ, ಮೂರನೆಯದಕ್ಕೆ ಪ್ಲೇಟು ಖಾಲಿ. ನನ್ನ ಮಟ್ಟಿಗೆ ಬನ್ಸ್ ಬೆಳಗಿನ ತಿಂಡಿ, ಗೋಳಿಬಜೆ ಸಂಜೆಯದು. ಎರಡರ ನಡುವೆ ಒಂದನ್ನು ಆರಿಸಬೇಕಾದವರು ಒಂದೇ ಸಂಜೆಗೆ ಬಂದವರು ಮಾತ್ರ, ಅವರಿಗೆ ಗೋಳಿಬಜೆ. ಬಿಸ್ಕುಟ್ ರೊಟ್ಟಿ ಮೂರನೆಯದು. ಬಿಸ್ಕುಟ್ಟು, ರೊಟ್ಟಿ ಎರಡೂ ಹೆಸರಲ್ಲಿ ಮಾತ್ರ, ಒಳಗೆ ಖಾರದ ಹೂರಣವಿಟ್ಟು ಕರಿದ ಪೂರಿ. ಮೂರರಲ್ಲಿ ಇದೊಂದೇ ಆರಿದರೂ ತಿನ್ನುವಂತಿರುತ್ತದೆ, ರೈಲಿಗೆ ಕಟ್ಟಿಸಿಕೊಳ್ಳಲು ಇದೇ ಒಳ್ಳೆಯದು.

ನೀರುದೋಸೆಗೆ ಒಂದು ಮಾತು. ಸಸ್ಯಾಹಾರಿ ಹೋಟೆಲಿನಲ್ಲಿ ಕಾಯಿ-ಬೆಲ್ಲದ ಜೊತೆ ಬರುತ್ತದೆ, ಮಾಂಸಾಹಾರಿ ಹೋಟೆಲಿನಲ್ಲಿ ಕೋಳಿ ಗಸಿಯ ಜೊತೆ. ಎರಡೂ ಸರಿ. ಮಸಾಲೆದೋಸೆಯನ್ನು ಮಾತ್ರ ಇಲ್ಲಿ ಬಂದು ಯಾಕೆ ತಿನ್ನುತ್ತೀರಿ? ಮೈಸೂರು ದಾವಣಗೆರೆಯವರಂತೂ ಬೇಡವೇ ಬೇಡ, ಹೋಲಿಸಿ ಹೋಲಿಸಿ ಪಕ್ಕದವರ ತಲೆ ತಿನ್ನುತ್ತೀರಿ.

ಪಣಂಬೂರು ಕಡಲತೀರಕ್ಕೆ ಹೋಗುವವರು ಹೊಟ್ಟೆಯಲ್ಲಿ ಸ್ವಲ್ಪ ಜಾಗ ಬಿಡಿ. ಗಾಡಿಯ ಚರ್ಮುರಿಗೆ ಇಲ್ಲಿ ತೆಂಗಿನೆಣ್ಣೆ ಹಾಕಿ ಕಲಸುತ್ತಾರೆ, ಮಾವಿನಕಾಯಿಯ ಕಾಲವಾದರೆ ಅದರ ತುರಿಯೂ ಬೀಳುತ್ತದೆ.

ರಾತ್ರಿ: ಕೋಳಿಯ ಸರದಿ

ಮೀನೂಟದ ಹೋಟೆಲಿನ ಬಿಸಿ ಮಧ್ಯಾಹ್ನಕ್ಕೇ ಮುಗಿಯಿತು. ರಾತ್ರಿ ಮೀನೇ ಬೇಕೆಂದು ಹಟ ಹಿಡಿಯುವ ಬದಲು ಕೋಳಿಗೆ ಹೊರಳಿ. ಆಗ ಇರುವ ಆಯ್ಕೆ ಮೂರು: ಘೀ ರೋಸ್ಟ್, ಸುಕ್ಕ, ಕೋರಿ ರೊಟ್ಟಿ.

ಘೀ ರೋಸ್ಟ್ ಹೆಸರುವಾಸಿ. ತುಪ್ಪದಲ್ಲಿ ಹುರಿದ ಕೆಂಪು ಮೆಣಸಿನ ಮಸಾಲೆ, ಹುಳಿ, ಬೆರಳು ನೆಕ್ಕಿಸುವ ಜಿಡ್ಡು. ಅದರ ತವರು ಮಂಗಳೂರಲ್ಲ, ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಎನ್ನುತ್ತಾರೆ. ಈಗ ಬೆಂಗಳೂರಿನ ಬೀದಿಬೀದಿಯಲ್ಲೂ ಸಿಗುತ್ತದೆ, ಪನೀರು ಅಣಬೆಗೂ ಅದೇ ವೇಷ ತೊಡಿಸಿದ್ದಾರೆ. ಹಾಗಾಗಿ ಒಂದೇ ರಾತ್ರಿ ಇರುವವರಿಗೆ ನಾನು ಹೇಳುವುದು ಕೋರಿ ರೊಟ್ಟಿ. ಇದೂ ಹೊರಗೆ ಸಿಗದೆ ಇಲ್ಲ, ಆದರೆ ತಿನ್ನುವ ರೀತಿ ಹೇಳಿಕೊಡುವವರು ಸಿಗುವುದಿಲ್ಲ.

ತಟ್ಟೆಯಲ್ಲಿ ಕಾಗದದಷ್ಟು ತೆಳುವಾದ ಒಣ ಅಕ್ಕಿ ರೊಟ್ಟಿ ಬರುತ್ತದೆ. ಮುಟ್ಟಿದರೆ ಪಟಪಟ ಮುರಿಯುತ್ತದೆ. ಪಕ್ಕದಲ್ಲಿ ಕೋಳಿ ಗಸಿ, ತೆಂಗಿನ ಹಾಲಿನದು, ಸ್ವಲ್ಪ ತೆಳ್ಳಗೆ. ಹೊಸಬರು ರೊಟ್ಟಿಯನ್ನು ಗಸಿಗೆ ಅದ್ದಿ ಹಪ್ಪಳದಂತೆ ಕಡಿಯುತ್ತಾರೆ, ಒಸಡು ಗೀರಿಸಿಕೊಂಡು ಇದೇನು ಇಷ್ಟು ಗಟ್ಟಿ ಎನ್ನುತ್ತಾರೆ. ರೊಟ್ಟಿಯನ್ನು ತಟ್ಟೆಯಲ್ಲೇ ಪುಡಿಗಟ್ಟಿ, ಮೇಲೆ ಗಸಿ ಸುರಿದು, ಒಂದು ನಿಮಿಷ ಕೈಕಟ್ಟಿ ಕೂರಬೇಕು. ಅಡಿಯ ಚೂರು ಮೆತ್ತಗಾಗಿ ಮೇಲಿನದು ಇನ್ನೂ ಗರಿಯಾಗಿರುವಾಗ ಕೈ ಹಾಕಿ. ಎರಡು ನಿಮಿಷ ಬಿಟ್ಟರೆ ಗಂಜಿ. ಎರಡನೇ ಸಲ ಗಸಿ ಹಾಕಿಸಿಕೊಳ್ಳುವುದಕ್ಕೆ ಸಂಕೋಚ ಬೇಡ, ರೊಟ್ಟಿ ಕುಡಿದುಬಿಡುತ್ತದೆ.

ಸುಕ್ಕ ಈ ಎರಡರ ನಡುವಿನದು: ಕಾಯಿತುರಿ ಜೋರಾಗಿರುವ ಒಣ ಪಲ್ಯದಂಥದ್ದು. ನೀರುದೋಸೆ ಜೊತೆಗೆ ಬೇಕಾದವರಿಗೆ ಸರಿ.

ಎಲ್ಲಿ ತಿನ್ನುವುದೆಂದರೆ, ಈ ಊರಿನ ಬಾರ್ ಆ್ಯಂಡ್ ರೆಸ್ಟೋರೆಂಟುಗಳನ್ನು ನಮ್ಮ ಕಡೆಯ ಬಾರಿನ ಲೆಕ್ಕದಲ್ಲಿ ನೋಡಬೇಡಿ. ಹಾಸನದಲ್ಲಿ ನಾನು ಹೆಂಡತಿಯನ್ನು ಬಾರಿಗೆ ಊಟಕ್ಕೆ ಕರೆದುಕೊಂಡು ಹೋಗುವುದನ್ನು ಕನಸಲ್ಲೂ ನೆನೆಯಲಾರೆ. ಇಲ್ಲಿ ಫ್ಯಾಮಿಲಿ ರೂಮಿನಲ್ಲಿ ಅಜ್ಜಿ, ಮೊಮ್ಮಕ್ಕಳು ಸಮೇತ ಕೂತು ಉಣ್ಣುವ ಬಾರುಗಳಿವೆ, ಎಷ್ಟೋ ಕಡೆ ಅಡುಗೆಯ ಕೈಯೂ ಎಸಿ ಹೋಟೆಲಿಗಿಂತ ಮೇಲು. ಕುಡಿಯದಿದ್ದರೂ ಹೋಗಬಹುದು, ನಾನೂ ಲಿಂಬು ಸೋಡಾ ಗಿರಾಕಿಯೇ. ಆದರೆ ವಾರಾಂತ್ಯ ರಾತ್ರಿ ಒಂಬತ್ತರ ಮೇಲೆ ಸದ್ದು ಏರುತ್ತದೆ. ಮಕ್ಕಳಿದ್ದರೆ ಏಳೂವರೆಗೆ ಕೂತು ಎದ್ದುಬಿಡಿ.

ಕ್ರೈಸ್ತರ ಮನೆಯ ಇಡ್ಲಿಯಂಥ ಸನ್ನಾಸ್, ಹಂದಿಮಾಂಸದ ಬಾಫತ್, ಬ್ಯಾರಿ ಮುಸ್ಲಿಮರ ಮನೆಯ ಅಕ್ಕಿರೊಟ್ಟಿಯಂಥ ಪತ್ತಿರಿ, ಕಲ್ತಪ್ಪ ಇವೂ ಈ ಊರಿನ ಅಡುಗೆಯೇ. ಆದರೆ ದಾರಿಹೋಕರಿಗೆ ದೊಡ್ಡ ಹೋಟೆಲುಗಳಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಬೆಂದೂರ್‌ವೆಲ್, ಕಂಕನಾಡಿ ಕಡೆ ಕೇಟರಿಂಗ್‌ನವರ ಸಣ್ಣ ಅಂಗಡಿಗಳಲ್ಲಿ ಸನ್ನಾಸ್ ವಿಚಾರಿಸಿ. ಅದಕ್ಕಿಂತ ಒಳ್ಳೆಯ ದಾರಿ ಮಂಗಳೂರಿನ ಸಹೋದ್ಯೋಗಿಯೊಬ್ಬರ ಮನೆಯ ಕ್ರಿಸ್ಮಸ್‌ಗೋ ಮದುವೆಗೋ ಕರೆ ಗಿಟ್ಟಿಸುವುದು. ನನಗೆ ಆರು ವರ್ಷ ಹಿಡಿಯಿತು.

ಐಸ್‌ಕ್ರೀಂ

ಇದರಲ್ಲಿ ಹೋಲಿಕೆಗೆ ಜಾಗ ಕಡಿಮೆ. 1975ರಲ್ಲಿ ಶುರುವಾದ ಐಡಿಯಲ್ ಮತ್ತು ಲಾಲ್‌ಬಾಗಿನ ಪಬ್ಬಾಸ್ ಒಂದೇ ಮನೆಯವರದು. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಬಸ್ಸು ಹತ್ತುವವರಿಗೆ ಪಬ್ಬಾಸ್ ಅನುಕೂಲ, ಹಂಪನಕಟ್ಟೆಯಲ್ಲಿ ಉಳಿದವರಿಗೆ ಮಾರ್ಕೆಟ್ ರಸ್ತೆಯ ಐಡಿಯಲ್. ಎಲ್ಲರೂ ಕೇಳುವುದು ಗಡ್‌ಬಡ್: ಉದ್ದ ಲೋಟದಲ್ಲಿ ಐಸ್‌ಕ್ರೀಮಿನ ಮೇಲೆ ಐಸ್‌ಕ್ರೀಂ, ನಡುವೆ ಹಣ್ಣು, ಜೆಲ್ಲಿ, ಗೋಡಂಬಿ. ಇದು ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ವಾದಿಸುತ್ತಾರೆ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಊಟದ ಮೇಲೆ ಇಬ್ಬರಿಗೆ ಒಂದು ಸಾಕು, ಚಮಚ ಎರಡು ಕೇಳಿ. ಮಕ್ಕಳು ನನಗೊಂದು ಬೇರೆ ಎಂದೇ ಕುಣಿಯುತ್ತಾರೆ, ಅರ್ಧಕ್ಕೆ ಬಿಟ್ಟದ್ದನ್ನು ನೀವೇ ತಿನ್ನುತ್ತೀರಿ.

ಜೂನ್, ಜುಲೈ

ಮಳೆಗಾಲದಲ್ಲಿ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಸಣ್ಣ ನಾಡದೋಣಿಗಳಿಗೆ ನಿರ್ಬಂಧವಿಲ್ಲ, ಆದರೆ ಕಡಲು ಅಬ್ಬರಿಸುವಾಗ ಅವರೂ ಎಷ್ಟು ದಿನ ಹೋದಾರು? ಹೋಟೆಲ್ ಮಾತ್ರ ಮುಚ್ಚುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿ ದೋಣಿಗಳು ಹೊರಟ ಮೇಲೆ ತಮಿಳುನಾಡಿನ ಕಡೆಯ ಮೀನು ಮಂಜುಗಡ್ಡೆಯಲ್ಲಿ ಕೂತು ಇಲ್ಲಿಗೆ ಬರುತ್ತದೆ. ಅಂದರೆ ಜುಲೈಯಲ್ಲಿ ನೀವು ಬೆಂಗಳೂರಿನಿಂದ ಅಷ್ಟು ದೂರ ಬಂದು ತಿನ್ನುವ ಅಂಜಲ್, ಬೆಂಗಳೂರಿನಲ್ಲಿ ತಿನ್ನುವ ಅಂಜಲಿಗಿಂತ ಹೆಚ್ಚೇನೂ ತಾಜಾ ಆಗಿರಬೇಕಿಲ್ಲ. ಬೆಲೆಯೂ ಮೇಲೆ.

ಆ ಎರಡು ತಿಂಗಳು ನನ್ನ ಆಯ್ಕೆ ತಲೆಕೆಳಗಾಗುತ್ತದೆ. ಮಧ್ಯಾಹ್ನ ಸಸ್ಯಾಹಾರಿ ಹೋಟೆಲು, ರಾತ್ರಿ ಕೋಳಿ, ನಡುವೆ ಪತ್ರೊಡೆ ಎಲ್ಲಿ ಸಿಗುತ್ತದೆ ಎಂಬ ಹುಡುಕಾಟ. ಕೆಸುವಿನ ಎಲೆಗೆ ಅಕ್ಕಿ-ಮಸಾಲೆಯ ಹಿಟ್ಟು ಬಳಿದು, ಸುರುಳಿ ಸುತ್ತಿ, ಬೇಯಿಸಿ, ಹೆಚ್ಚಿ, ಕಾವಲಿಯಲ್ಲಿ ಕೆಂಪಗೆ ಮಾಡಿ ಕೊಟ್ಟರೆ ಹೊರಗೆ ಎಷ್ಟು ಮಳೆ ಸುರಿದರೂ ಚಿಂತೆಯಿಲ್ಲ. ಬೋರ್ಡಿನಲ್ಲಿ ಕಾಣದಿದ್ದರೂ ಬಾಯಿಬಿಟ್ಟು ಕೇಳಿ. "ಪತ್ರೊಡೆ ಉಂಟಾ?" ಎಂದರೆ ಸಾಕು, ಇಲ್ಲದಿದ್ದರೆ ಯಾರಲ್ಲಿದೆ ಎಂದು ಅವರೇ ಹೇಳುತ್ತಾರೆ. ಮೀನು ಬಿಟ್ಟಿರಲಾರದವರಿಗೆ ಒಣಸಿಗಡಿಯ ಚಟ್ನಿ ಇದೆ, ಗಂಜಿಯ ಜೊತೆ.

ರೈಲಿಗೆ ಬರುವವರಿಗೆ ಒಂದು ಸಣ್ಣ ಸೂಚನೆ, ಎಷ್ಟೋ ಜನ ಇಲ್ಲೇ ಎಡವಿದ್ದಾರೆ. ಮಂಗಳೂರು ಸೆಂಟ್ರಲ್ ಊರ ನಡುವೆಯೇ, ಹಂಪನಕಟ್ಟೆಗೆ ನಡೆದುಕೊಂಡೇ ಹೋಗಬಹುದು. ಜಂಕ್ಷನ್ ಎಂದರೆ ಪಡೀಲ್ ಹತ್ತಿರ, ಅಲ್ಲಿಂದ ಆಟೋ ಬೇಕು. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡದೆ ಎರಡು ಗಂಟೆಗೆ ಬಂಗುಡೆಯ ಮುಂದೆ ಕೂತವರು ರೈಲು ತಪ್ಪಿಸಿಕೊಂಡದ್ದನ್ನು ಕಂಡಿದ್ದೇನೆ.

ಅಣ್ಣನ ಮಗನಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ಆಗಸ್ಟ್ ಎರಡನೇ ವಾರ, ದೋಣಿಗಳು ಹೊರಟು ಹತ್ತು ದಿನವಾಗಿತ್ತು. ಹನ್ನೊಂದೂವರೆಗೆ ಊರು ಮುಟ್ಟುತ್ತೇವೆ ಎಂದ, ಮೀನು ತಿನ್ನದವರು ಅವನ ಅತ್ತೆ ಒಬ್ಬರೇ. "ಅತ್ತೆಯವರನ್ನು ನಿನ್ನ ಚಿಕ್ಕಮ್ಮನ ಜೊತೆ ವುಡ್‌ಲ್ಯಾಂಡ್ಸಿಗೆ ಕಳಿಸು. ನೀವು ಹನ್ನೆರಡೂಕಾಲಿಗೆ ಬಂದರಿಗೆ ಬನ್ನಿ. ನಾನು ಯಾರದಾದರೂ ಕುರ್ಚಿ ಹಿಂದೆ ನಿಂತಿರ್ತೀನಿ" ಎಂದು ಹೇಳಿ ಫೋನು ಇಟ್ಟೆ.